ಮುಳುಗುವ ಊರಿನ ಮಕ್ಕಳು ಬಿಡಿಸಿದ ನಕ್ಷೆಗೆ ಜಾಗ ಎಲ್ಲಿದೆ?

ಬಾಗಲಕೋಟೆ ಕಡೆ ಒಂದು ಸಂಖ್ಯೆ ಶಾಲೆ ಹುಡುಗರಿಗೂ ಬಾಯಿಪಾಠ: 524.256. ಆಲಮಟ್ಟಿ ಅಣೆಕಟ್ಟೆಯಲ್ಲಿ ಇಷ್ಟು ಮೀಟರಿನವರೆಗೆ ನೀರು ನಿಲ್ಲಿಸಬೇಕು ಅನ್ನೋದು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಗುರಿ. ಈಗ ನಿಲ್ಲುತ್ತಿರುವುದು 519.60 ಮೀಟರಿಗೆ. ಎರಡರ ನಡುವೆ ಐದು ಮೀಟರ್ ಕೂಡ ಇಲ್ಲ. ಆದರೆ ಆ ಅಂತರದೊಳಗೆ ಸುಮಾರು 75 ಸಾವಿರ ಎಕರೆ ಜಮೀನಿದೆ, 20ರಷ್ಟು ಹಳ್ಳಿಗಳಿವೆ, ಬಾಗಲಕೋಟೆ ಪಟ್ಟಣದ ತಗ್ಗಿನ ಭಾಗವೂ ಇದೆ.

ಕೃಷ್ಣಾ ನೀರಿನ ಹಂಚಿಕೆ ತೀರ್ಮಾನಿಸುವ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಈ ಎತ್ತರಕ್ಕೆ ಒಪ್ಪಿದ್ದು 2010ರ ಡಿಸೆಂಬರಿನಲ್ಲಿ. ಆ ವರ್ಷ ಹುಟ್ಟಿದ ಮಗು ಈಗ ಎಸ್ಸೆಸ್ಸೆಲ್ಸಿ ಮುಗಿಸುವ ವಯಸ್ಸಿಗೆ ಬಂದಿದೆ. ಹುಟ್ಟಿದಾಗಿನಿಂದ ಅದು ಕೇಳಿದ್ದು ಒಂದೇ ಮಾತು: "ನಮ್ಮೂರು ಮುಳುಗತೈತಿ." ಮುಳುಗುವ ಊರಲ್ಲಿ ಮಾಳಿಗೆ ಸೋರಿದರೆ ಮೇಲೆ ಒಂದಿಷ್ಟು ಮಣ್ಣು ಹಾಕಿ ಸುಮ್ನಾಗುತ್ತಾರೆ. ಹೊಸ ಗೋಡೆ ಎಬ್ಬಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಹೆಣ್ಣು ಕೊಡಲು ಬಂದವರು ಕೂಡ "ನಿಮ್ಮೂರು ಎಲ್ಲಿಗೆ ಹೋಗತೈತಿ?" ಅಂತ ಮೊದಲು ಕೇಳುತ್ತಾರೆ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಪರಿಹಾರದ ದರ ನಿಗದಿ ಮಾಡಿತು. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಬೇಸಾಯದ ಜಮೀನಿಗೆ 30 ಲಕ್ಷ. ನ್ಯಾಯಮಂಡಳಿಯ ತೀರ್ಪಿನ ಗೆಜೆಟ್ ಪ್ರಕಟಣೆಗೆ ಸುಪ್ರೀಂ ಕೋರ್ಟಿನ ತಡೆ ಇತ್ತು, ಮಹಾರಾಷ್ಟ್ರದ ತಕರಾರು ಇತ್ತು. ಅದರ ನಡುವೆಯೂ ದರ ಬಂತು ಅಂದಮೇಲೆ ಊರುಗಳಲ್ಲಿ ಮಾತು ಬದಲಾಯಿತು. ಕಟ್ಟೆ ಮೇಲೆ, ಚಹಾ ಅಂಗಡಿಯಲ್ಲಿ, ಮದುವೆ ಪಂಗತಿಯಲ್ಲಿ ಈಗ ಲೆಕ್ಕದ್ದೇ ಮಾತು. ಎಷ್ಟು ಎಕರೆ, ಯಾವ ಕಂತು, ಅಣ್ಣತಮ್ಮಂದಿರಿಗೆ ಎಷ್ಟೆಷ್ಟು ಪಾಲು. ಇದು ತಪ್ಪಲ್ಲ. ಮೂರು ತಲೆಮಾರು ದುಡಿದ ಎರೆ ಭೂಮಿ ಕೈ ಬಿಡುವಾಗ ಲೆಕ್ಕ ಹಾಕಲೇಬೇಕು.

ಆದರೆ ಇನ್ನೊಂದು ಪ್ರಶ್ನೆ ಇದೆ, ಅದನ್ನ ಕೇಳುವವರು ಕಡಿಮೆ. ಹೊಸ ಊರು ಹೇಗಿರಬೇಕು? ಅದರಲ್ಲಿ ಐವತ್ತು ವರ್ಷ ಬಾಳಬೇಕಾದವರು ಈಗ ಹದಿನೈದರಿಂದ ಇಪ್ಪತ್ತೈದರ ವಯಸ್ಸಿನವರು. ಅವರ ಕಲ್ಪನೆಗೆ ಈ ಯೋಜನೆಯೊಳಗೆ ಒಂದು ಕುರ್ಚಿಯಾದರೂ ಇದೆಯಾ? ಇಲ್ಲ ಅನ್ನೋದು ನನ್ನ ಉತ್ತರ. ಕಾಯ್ದೆಯನ್ನು ಹುಡುಕಿದರೂ, ಪಂಚಾಯಿತಿಯ ಕ್ಯಾಲೆಂಡರ್ ನೋಡಿದರೂ ಸಿಗುವುದು ಅದೇ.

ಹಾಗಂತ ನಮ್ಮ ಮಕ್ಕಳಿಗೆ ಕನಸು ಬಿಡಿಸಲು ಅವಕಾಶವೇ ಕೊಟ್ಟಿಲ್ಲ ಅಂತಲ್ಲ. ಎಷ್ಟೋ ಶಾಲೆಗಳಲ್ಲಿ "ನನ್ನ ಕನಸಿನ ಊರು" ಅಂತ ಚಿತ್ರಕಲಾ ಸ್ಪರ್ಧೆ ಇರುತ್ತದೆ. ಪ್ರತಿಭಾ ಕಾರಂಜಿ ಇದೆ, ಪ್ರಬಂಧ ಸ್ಪರ್ಧೆ ಇದೆ, ವಿಜ್ಞಾನ ವಸ್ತುಪ್ರದರ್ಶನದಲ್ಲಿ ಥರ್ಮಾಕೋಲಿನ ಮಾದರಿ ಗ್ರಾಮ ಇದೆ. ಬಹುಮಾನ ಕೊಡುತ್ತಾರೆ, ಫೋಟೊ ತೆಗೆಯುತ್ತಾರೆ. ಆಮೇಲೆ ಆ ಹಾಳೆ ಹೆಡ್‌ಮಾಸ್ತರ ಕೋಣೆಯ ಬೀರುವಿಗೆ ಹೋಗುತ್ತದೆ. ಪಂಚಾಯಿತಿಗೆ ಹೋಗುವುದಿಲ್ಲ, ಎಂಜಿನಿಯರ್ ಮೇಜಿಗೆ ಹೋಗುವುದಿಲ್ಲ.

ಆ ಹಾಳೆಗಳನ್ನ ಒಮ್ಮೆ ಸಾಲಾಗಿ ಹರಡಿ ನೋಡಿ. ಹೆಚ್ಚುಕಡಿಮೆ ಎಲ್ಲ ಒಂದೇ ಥರ. ಗಾಜಿನ ಕಟ್ಟಡ, ಮೇಲ್ಸೇತುವೆ, ಎರಡು ಬದಿಗೆ ತೆಂಗಿನ ಮರ, ಸೌರ ದೀಪ, ನಗುತ್ತಿರುವ ಸೂರ್ಯ. ಬಾದಾಮಿ ತಾಲ್ಲೂಕಿನ ಹುಡುಗಿಯೂ ಅದನ್ನೇ ಬರೆಯುತ್ತಾಳೆ, ಚಿಕ್ಕೋಡಿ ಹುಡುಗನೂ ಅದನ್ನೇ ಬರೆಯುತ್ತಾನೆ. ಇದನ್ನ ನೋಡಿ "ಮಕ್ಕಳಿಗೇನು ಗೊತ್ತು" ಅಂತ ಕೈಬಿಡುವ ದೊಡ್ಡವರು ಜಾಸ್ತಿ. ನನಗೆ ಅನಿಸುವುದು ಬೇರೆ. ಪ್ರಶ್ನೆಯೇ ಸರಿ ಇಲ್ಲ. ಕನಸಿನ ಊರು ಬರಿ ಅಂದರೆ ಮಗು ಪಠ್ಯಪುಸ್ತಕದ ಚಿತ್ರ, ಟಿವಿಯಲ್ಲಿ ಕಂಡ ಬೆಂಗಳೂರು ನೆನಪು ಮಾಡಿಕೊಳ್ಳುತ್ತದೆ. ಅದೇ ಮಗುವಿಗೆ "ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗೋತನಕ ಎಲ್ಲೆಲ್ಲಿ ಅಡ್ಡಾಡತಿ, ಗುರುತು ಹಾಕು. ಎಲ್ಲಿ ಬೇಸರ, ಎಲ್ಲಿ ಹೆದರಿಕೆ, ಎಲ್ಲಿ ಖುಷಿ, ಅದನ್ನೂ ಹಾಕು. ಈಗ ಹೊಸ ಊರಲ್ಲಿ ಇದನ್ನ ಹೆಂಗ ಇಡತಿ?" ಅಂತ ಕೇಳಿ ನೋಡಿ.

ಘಟಪ್ರಭಾ ದಂಡೆಯ ಒಂದು ಪಿಯು ಕಾಲೇಜಿನಲ್ಲಿ ಹೀಗೆ ಕೇಳಿ ಬರೆಸಿದ ನಕ್ಷೆಯೊಂದನ್ನು ನಾನು ನೋಡಿದ್ದೇನೆ. ನಾಲ್ಕು ಡ್ರಾಯಿಂಗ್ ಹಾಳೆ ಅಂಟಿಸಿ ಐದಾರು ಹುಡುಗಿಯರು ಸೇರಿ ಬಿಡಿಸಿದ್ದು. ಸ್ಕೆಚ್ ಪೆನ್ನಿನ ಬಣ್ಣ ಕೆಲವು ಕಡೆ ಮಸಿಮಸಿ. ಆದರೆ ಅಳತೆ ಇತ್ತು. ಮನೆಯಿಂದ ನೀರಿನ ಟಾಕಿಗೆ ಎಷ್ಟು ಹೆಜ್ಜೆ, ಅಂಗನವಾಡಿಗೆ ಎಷ್ಟು ಹೆಜ್ಜೆ ಅಂತ ಬರೆದಿದ್ದರು. ಪ್ರತಿ ಮನೆ ಹಿತ್ತಲಿಗೆ ದನದ ಕೊಟ್ಟಿಗೆ, ಅದರ ಹಿಂದೆ ತಿಪ್ಪೆಗೆ ಜಾಗ, ಬಣವೆ ಒಟ್ಟಲು ಊರ ಹೊರಗೆ ಒಂದು ಬಯಲು. ಬಸ್ ನಿಲ್ದಾಣದಲ್ಲಿ ಶೌಚಾಲಯ, ಅದಕ್ಕೆ ಬಾಗಿಲು, ಬಾಗಿಲಿಗೆ ಒಳಗಿನಿಂದ ಚಿಲಕ. ಚಿಲಕವನ್ನ ಕೆಂಪು ಬಣ್ಣದಲ್ಲಿ ಬರೆದಿದ್ದರು.

ಊರಿನ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ಯವ್ವಾ, ಇದ್ರಾಗ ನಾವು ಕುಂದರೂ ಕಟ್ಟಿ ಎಲ್ಲೈತಿ? ಬಸ್ ಸ್ಟ್ಯಾಂಡ್ ದಾರ್‍ಯಾಗ ಇತ್ತಲ್ಲ."

"ಅಲ್ಲಿ ಬ್ಯಾಡಂತ ತಗದೀವ್ರಿ ಅಜ್ಜಾ. ನಾವು ಕಾಲೇಜಿಗೆ ಹೋಗೂ ಮುಂದ ದಿನಾ ಅದನ್ನ ದಾಟಿ ಹೋಗಬೇಕು. ಎಲ್ಲಾರೂ ನೋಡತಾರ."

ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಂಗಾದ್ರ ನಮಗೂ ಒಂದು ಕಟ್ಟಿ ಬೇಕಲ್ಲವಾ?"

"ಐತ್ರಿ. ಗುಡಿ ಹಿಂದ ಬೇವಿನ ಗಿಡದ ಕೆಳಗ ಹಾಕೀವಿ. ನೆರಳೂ ಜಾಸ್ತಿ ಅಲ್ಲಿ."

ಒಂದು ಕಟ್ಟೆಯನ್ನು ನೂರು ಹೆಜ್ಜೆ ಆಚೆ ಸರಿಸುವುದು. ಖರ್ಚು ಏನೂ ಹೆಚ್ಚಿಲ್ಲ. ಆದರೆ ಆ ಊರಿನ ಹೆಣ್ಣುಮಕ್ಕಳು ಕಾಲೇಜು ಬಿಡುತ್ತಾರೋ ಮುಂದುವರಿಸುತ್ತಾರೋ ಅನ್ನೋದು ಅಂಥ ಸಣ್ಣ ಸಂಗತಿಗಳ ಮೇಲೆಯೇ ನಿಂತಿರುತ್ತದೆ. ಯಾವ ಸಮೀಕ್ಷೆಯ ಫಾರ್ಮಿನಲ್ಲೂ "ಗಂಡಸರು ಕೂರುವ ಕಟ್ಟೆ ಎಲ್ಲಿರಬೇಕು" ಅನ್ನುವ ಕಾಲಂ ಇರುವುದಿಲ್ಲ. ಲೇಔಟ್ ಮಾಡುವ ಎಂಜಿನಿಯರಿಗೆ ರಸ್ತೆ ಅಗಲ ಗೊತ್ತು, ಚರಂಡಿಯ ಇಳಿಜಾರು ಗೊತ್ತು. ಆ ಹುಡುಗಿ ನಡೆಯುವ ದಾರಿ ಗೊತ್ತಿರುವುದು ಆ ಹುಡುಗಿಗೆ ಮಾತ್ರ.

ಇಲ್ಲಿ ಇನ್ನೂ ಕಠಿಣವಾದ ಒಂದು ವಿಷಯ ಇದೆ. ಹಳೆ ಊರುಗಳಲ್ಲಿ ದಲಿತರ ಕೇರಿ ಎಲ್ಲಿದೆ ಅಂತ ನಮಗೆಲ್ಲ ಗೊತ್ತು. ಊರ ಅಂಚಿಗೆ, ತಗ್ಗಿಗೆ, ಮಳೆ ಬಂದರೆ ಮೊದಲು ನೀರು ನುಗ್ಗುವ ಕಡೆಗೆ. ಹೊಸ ಊರು ಖಾಲಿ ಜಾಗದಲ್ಲಿ ಏಳುತ್ತದೆ. ಅಲ್ಲಿ ಕೇರಿ ಮತ್ತೆ ಅಂಚಿಗೇ ಹೋಗಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಸುಮ್ನೆ ಬಿಟ್ಟರೆ ಮಾತ್ರ ಹೋಗುತ್ತದೆ, ಯಾಕಂದರೆ ನಿವೇಶನ ಹಂಚುವವರ ತಲೆಯಲ್ಲಿ ಹಳೆ ನಕ್ಷೆಯೇ ಇರುತ್ತದೆ. ಮಕ್ಕಳ ನಕ್ಷೆಗಳಲ್ಲಿ ಕೆಲವರು ಕೇರಿಯನ್ನ ಬರೆದೇ ಇರುವುದಿಲ್ಲ, ಕೆಲವರು ಮೊದಲಿದ್ದ ಜಾಗಕ್ಕೇ ಬರೆದಿರುತ್ತಾರೆ. ಎರಡೂ ನಮಗೆ ಏನೋ ಹೇಳುತ್ತವೆ. ಕೇರಿಯ ಮಕ್ಕಳು ಬಿಡಿಸಿದ ನಕ್ಷೆಯಲ್ಲಿ ಮನೆಗಳು ಬೇರೆ ಕಡೆ ಇರುತ್ತವೆ. ಶಾಲೆ ಹತ್ತಿರ, ಟಾಕಿ ಹತ್ತಿರ. ಹೊಸ ಊರಿನ ನಕ್ಷೆಯ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆ ಆರಂಭ ಇದೆಯಾ?

ಮುಳುಗಡೆ ನಮಗೆ ಹೊಸದಲ್ಲ. ಬಾಗಲಕೋಟೆ ಒಮ್ಮೆ ಇದನ್ನ ಅನುಭವಿಸಿದ ಊರು. ಹಳೆ ಪಟ್ಟಣದ ಬದಲಿಗೆ ನವನಗರ ಎದ್ದಿತು. ಅದರ ಯೋಜನೆಯಲ್ಲಿ ಕೈ ಆಡಿಸಿದ್ದು ದೇಶದ ದೊಡ್ಡ ವಾಸ್ತುಶಿಲ್ಪಿಗಳಲ್ಲೊಬ್ಬರಾದ ಚಾರ್ಲ್ಸ್ ಕೊರಿಯಾ, ನವಿ ಮುಂಬೈ ಯೋಜನೆಯಲ್ಲಿದ್ದವರು. ಅಗಲ ರಸ್ತೆ, ಲೆಕ್ಕಾಚಾರದ ಸೆಕ್ಟರುಗಳು, ಗಿಡಮರಕ್ಕೆ ಜಾಗ. ಇಂದಿಗೂ ಉತ್ತರ ಕರ್ನಾಟಕದ ಬೇರೆ ಪಟ್ಟಣಗಳಿಗೆ ಹೋಲಿಸಿದರೆ ನವನಗರ ಅಚ್ಚುಕಟ್ಟು, ಅದನ್ನ ಒಪ್ಪಲೇಬೇಕು. ಆದರೂ ಸ್ಥಳಾಂತರವಾದ ಹಿರಿಯರನ್ನ ಮಾತಾಡಿಸಿದರೆ ಅವರು ಮನೆಯ ಬಗ್ಗೆ ದೂರುವುದಿಲ್ಲ, ಓಣಿಯ ಬಗ್ಗೆ ಹೇಳುತ್ತಾರೆ. ಎದುರು ಮನೆಯವರು ಒಂದು ಸೆಕ್ಟರ್, ಪಕ್ಕದ ಮನೆಯವರು ಇನ್ನೊಂದು ಸೆಕ್ಟರ್. ರೊಟ್ಟಿ ಬಡಿಯುತ್ತಾ ಮಾತಾಡುತ್ತಿದ್ದ ಗೆಳತಿಯನ್ನ ನೋಡಲು ಆಟೊ ಹಿಡಿಯಬೇಕು. ದೊಡ್ಡ ವಾಸ್ತುಶಿಲ್ಪಿ ಇದ್ದರೂ ನಿವೇಶನ ಹಂಚಿಕೆಯ ಹೊತ್ತಿಗೆ ಓಣಿ ಒಡೆದುಹೋಗಬಹುದು ಅನ್ನೋದು ಇದರಿಂದ ಕಲಿಯಬೇಕಾದ ಪಾಠ. ಈಗಿನ 20 ಹಳ್ಳಿಗಳ ಹುಡುಗರು ತಮ್ಮ ಓಣಿಯ ಯಾರ್‍ಯಾರು ಅಕ್ಕಪಕ್ಕ ಇರಬೇಕು ಅಂತ ಪಟ್ಟಿ ಮಾಡಲು ಕುಳಿತರೆ ಒಂದು ವಾರದ ಕೆಲಸ.

2009ರ ನೆರೆಯ ಪಾಠ ಇನ್ನೂ ಖಾರವಾದದ್ದು. ಆಗ ಮಲಪ್ರಭಾ, ಕೃಷ್ಣೆಯ ದಂಡೆಯ ಎಷ್ಟೋ ಹಳ್ಳಿಗಳಿಗೆ "ಆಸರೆ" ಹೆಸರಲ್ಲಿ ಹೊಸ ಮನೆಗಳನ್ನು ಕಟ್ಟಿದರು. ದಾನಿಗಳು ಬಂದರು, ಸರ್ಕಾರ ಜಾಗ ಕೊಟ್ಟಿತು. ಬಹಳ ಮನೆಗಳು ಖಾಲಿ ಉಳಿದವು. ಕಾರಣ ಕೇಳಿದರೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಉತ್ತರ: ದನ ಕಟ್ಟಲು ಜಾಗ ಇಲ್ಲ, ಹೊಲ ದೂರ, ಮನೆ ಸಣ್ಣದು. 2019ರ ಆಗಸ್ಟಿನಲ್ಲಿ ಮತ್ತೆ ನೆರೆ ಬಂದಾಗ ಹಳೆ ಊರಲ್ಲೇ ಉಳಿದಿದ್ದವರು ಮತ್ತೆ ನೀರಿಗೆ ಸಿಕ್ಕರು. ದನ ಎಲ್ಲಿ ಕಟ್ಟಬೇಕು ಅನ್ನೋ ಪ್ರಶ್ನೆಯನ್ನ ಹತ್ತು ವರ್ಷದ ಹುಡುಗ ಕೂಡ ಕೇಳುತ್ತಿದ್ದ, ಅವನನ್ನ ಕೇಳಿದ್ದರೆ. ಬೆಳಗ್ಗೆ ಎದ್ದು ಸಗಣಿ ಬಳಿಯುವವನು ಅವನೇ ಅಲ್ವಾ?

ಮನಸ್ಸು ಮಾಡಿದರೆ ನಮ್ಮಲ್ಲೇ ಒಳ್ಳೆ ಕಲ್ಪನೆಗಳು ಕಟ್ಟಡವಾಗಿವೆ ಅನ್ನೋದನ್ನೂ ಹೇಳಬೇಕು. ನಾರಾಯಣಪುರ ಜಲಾಶಯದ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ ಬಸವಣ್ಣನವರ ಐಕ್ಯಸ್ಥಳವನ್ನು ನೀರಿಗೆ ಬಿಡಲಿಲ್ಲ. ಸುತ್ತ ಬಾವಿಯ ಹಾಗೆ ಗೋಡೆ ಎಬ್ಬಿಸಿ, ಮೆಟ್ಟಿಲಿಳಿದು ಹೋಗಿ ದರ್ಶನ ಮಾಡುವಂತೆ ಕಟ್ಟಿದರು. ಸುತ್ತಲೂ ನೀರು, ನಡುವೆ ಆ ಜಾಗ ಹಾಗೇ ಇದೆ. ಅದು ಉಳಿಯಬೇಕು ಅಂತ ಜನ ಗಟ್ಟಿಯಾಗಿ ಬಯಸಿದರು, ಎಂಜಿನಿಯರುಗಳು ದಾರಿ ಹುಡುಕಿದರು. ಹಳ್ಳಿಯ ಮಕ್ಕಳು ಬಯಸುವ ಕಟ್ಟೆ, ಬಯಲು, ಓಣಿ ಅದಕ್ಕಿಂತ ಎಷ್ಟೋ ಸುಲಭದ ಕೆಲಸ.

ಈಗ ಕಾಯ್ದೆ ಏನು ಹೇಳುತ್ತದೆ ನೋಡೋಣ. 2013ರ ಭೂಸ್ವಾಧೀನ ಕಾಯ್ದೆ ಯುವಕರ ವಿಷಯದಲ್ಲಿ ಒಂದು ಕೈಯಲ್ಲಿ ಬಹಳ ದೊಡ್ಡದನ್ನ ಕೊಡುತ್ತದೆ, ಇನ್ನೊಂದು ಕಡೆ ಬಾಗಿಲು ಹಾಕುತ್ತದೆ. ಕೊಟ್ಟದ್ದು ಏನಂದರೆ, ವಯಸ್ಕರಾದ ಯಾರೇ ಆಗಲಿ, ಗಂಡಾಗಲಿ ಹೆಣ್ಣಾಗಲಿ, ಮದುವೆ ಆಗಿರಲಿ ಬಿಡಲಿ, ಈ ಕಾಯ್ದೆಯ ಲೆಕ್ಕದಲ್ಲಿ ಒಂದು ಪ್ರತ್ಯೇಕ ಕುಟುಂಬ. ಹದಿನೆಂಟು ತುಂಬಿದ ಮದುವೆಯಾಗದ ಮಗಳನ್ನು ಅಪ್ಪನ ಕುಟುಂಬದ ಬಾಲಕ್ಕೆ ಸೇರಿಸದೆ ಅವಳದ್ದೇ ಕುಟುಂಬ ಅಂತ ಎಣಿಸುವ ಕಾನೂನು ನಮ್ಮ ದೇಶದಲ್ಲಿ ಅಪರೂಪ. ಊರಿನ ಎಷ್ಟು ಹುಡುಗಿಯರಿಗೆ ಇದು ಗೊತ್ತು? ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಹೇಳುವವರೂ ಇಲ್ಲ.

ಬಾಗಿಲು ಹಾಕಿದ್ದು ಪುನರ್ವಸತಿ ಸಮಿತಿಯಲ್ಲಿ. ನೂರು ಎಕರೆ ಮತ್ತು ಅದಕ್ಕೂ ಹೆಚ್ಚು ಭೂಮಿ ಹೋಗುವ ಯೋಜನೆಗೆ ಇಂಥ ಸಮಿತಿ ಇರಲೇಬೇಕು. ಅದರಲ್ಲಿ ಮಹಿಳೆಯರ ಪ್ರತಿನಿಧಿ ಇದ್ದಾರೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ಪ್ರತಿನಿಧಿಗಳಿದ್ದಾರೆ, ಸ್ವಯಂಸೇವಾ ಸಂಸ್ಥೆಯವರು, ಬ್ಯಾಂಕಿನವರು, ಶಾಸಕರು, ಸಂಸದರು, ಪಂಚಾಯಿತಿ ಅಧ್ಯಕ್ಷರು ಇದ್ದಾರೆ. ಯುವಜನರ ಪ್ರತಿನಿಧಿ ಅಂತ ಯಾರೂ ಇಲ್ಲ. ಹೊಸ ಊರಲ್ಲಿ ಏನೇನು ಇರಬೇಕು ಅನ್ನೋದಕ್ಕೆ ಅದೇ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಉದ್ದ ಪಟ್ಟಿ ಇದೆ. ರಸ್ತೆ, ಚರಂಡಿ, ಕುಡಿಯುವ ನೀರು, ದನ ಮೇಯಲು ಗೋಮಾಳ, ಪಡಿತರ ಅಂಗಡಿ, ಅಂಚೆ ಕಚೇರಿ, ಶಾಲೆ, ಆಟದ ಬಯಲು, ಅಂಗನವಾಡಿ, ಸ್ಮಶಾನ, ಪಶು ಆಸ್ಪತ್ರೆ, ಸಮುದಾಯ ಭವನ. ಪಟ್ಟಿ ಒಳ್ಳೆಯದೇ. ಆದರೆ ಏನಿರಬೇಕು ಅಂತ ಹೇಳುವ ಪಟ್ಟಿ, ಅವುಗಳಲ್ಲಿ ಹೆಚ್ಚಿನವು ಎಲ್ಲಿರಬೇಕು, ಹೇಗಿರಬೇಕು ಅಂತ ಹೇಳುವುದಿಲ್ಲ. ಆಟದ ಬಯಲು ಊರಿಂದ ಎರಡು ಕಿಲೋಮೀಟರ್ ಆಚೆ ಇದ್ದರೂ ಪಟ್ಟಿಯ ಲೆಕ್ಕದಲ್ಲಿ ಅದು ಇದ್ದ ಹಾಗೆಯೇ. ಮಕ್ಕಳ ನಕ್ಷೆ ಬೇಕಾಗುವುದು ಇಲ್ಲೇ.

ಮುಳುಗಡೆ ಇಲ್ಲದ ಹಳ್ಳಿಗಳ ಕತೆಯೂ ತುಂಬ ಬೇರೆಯಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು ಅನ್ನೋ ಆದೇಶ ಇದೆ. ನಮ್ಮ ರಾಜ್ಯ ಈ ವಿಷಯದಲ್ಲಿ ಬೇರೆಯವರಿಗಿಂತ ಮುಂದೆ ಅನ್ನೋದು ನಿಜ, ಹೆಮ್ಮೆ ಪಡುವ ಮಾತೇ. ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯೊಳಗೆ ಈ ಸಭೆಗಳು ನಡೆಯುತ್ತವೆ. ತೊಂದರೆ ಇರುವುದು ದಿನಾಂಕದಲ್ಲಿ. ಪಂಚಾಯಿತಿಯ ಮುಂದಿನ ವರ್ಷದ ಅಭಿವೃದ್ಧಿ ಯೋಜನೆ ತಯಾರಾಗುವುದು ಅಕ್ಟೋಬರ್ 2ರಿಂದ ಜನವರಿ 31ರ ನಡುವೆ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ, ಆಮೇಲೆ ಆನ್‌ಲೈನ್ ದಾಖಲು. ಮಕ್ಕಳ ಸಭೆ ಜನವರಿ ಕೊನೆಗೆ ನಡೆದರೆ ಅಷ್ಟೊತ್ತಿಗೆ ದೊಡ್ಡವರ ಪಟ್ಟಿ ಗಟ್ಟಿಯಾಗಿರುತ್ತದೆ. ಮಕ್ಕಳು ಮೈಕ್ ಹಿಡಿದು ಕೇಳುತ್ತಾರೆ, ಅಧ್ಯಕ್ಷರು "ಮಾಡೋಣ" ಅನ್ನುತ್ತಾರೆ, ಕಾರ್ಯದರ್ಶಿ ಬರೆದುಕೊಳ್ಳುತ್ತಾರೆ. ಆ ಬರಹಕ್ಕೆ ಸೇರಲು ಯೋಜನೆಯೇ ಉಳಿದಿರುವುದಿಲ್ಲ.

ಇನ್ನು ದುಡ್ಡು. 2021ರಿಂದ 2026ರವರೆಗೆ ಪಂಚಾಯಿತಿಗಳಿಗೆ ಬಂದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟದ್ದಾಗಿತ್ತು. ಉಳಿದ 40 ಭಾಗದಲ್ಲಿ ರಸ್ತೆ, ಬೀದಿದೀಪ, ಉಳಿದ ಎಲ್ಲ ಬೇಡಿಕೆ. ಅದರಲ್ಲೂ ಸಂಬಳಕ್ಕೆ ಬಳಸುವಂತಿರಲಿಲ್ಲ. ನಮ್ಮ ಹುಡುಗರು ಎಲ್ಲ ಕಡೆ ಮೊದಲು ಕೇಳುವುದು ಓದುವ ಕೋಣೆ. ಪೊಲೀಸ್ ಭರ್ತಿಗೆ, ಪಿಡಿಒ ಪರೀಕ್ಷೆಗೆ, ಬ್ಯಾಂಕ್ ಪರೀಕ್ಷೆಗೆ ಓದುವವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ, ಮನೆಯಲ್ಲಿ ಜಾಗ ಇಲ್ಲ. ಪಂಚಾಯಿತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಅಂತ ಹೊಸ ಹೆಸರು ಬಂದಿದೆ, ಕೆಲವು ಕಡೆ ನಿಜಕ್ಕೂ ಚೆನ್ನಾಗಿವೆ. ಆದರೆ ಹುಡುಗರಿಗೆ ಬೇಕಾದ್ದು ರಾತ್ರಿ ಹತ್ತರವರೆಗೆ ತೆರೆದಿರುವ ಬಾಗಿಲು. ಬಾಗಿಲು ತೆರೆದಿರಬೇಕಾದರೆ ಒಬ್ಬರು ಇರಬೇಕು. ಅವರಿಗೆ ಸಂಬಳ ಎಲ್ಲಿಂದ? ಇಂಥ ಒಂದು ಗಂಟು ಬಿಡಿಸದೆ "ಯುವಕರ ಕನಸಿಗೆ ಬೆಂಬಲ" ಅಂತ ಬ್ಯಾನರ್ ಕಟ್ಟಿದರೆ ಪ್ರಯೋಜನ ಇಲ್ಲ.

ಮತ್ತೊಂದು ಖಾಲಿ ಜಾಗ ವಯಸ್ಸಿನದು. ಹದಿನೆಂಟರವರೆಗೆ ಮಕ್ಕಳ ಸಭೆ ಇದೆ. ಇಪ್ಪತ್ತೊಂದಾದರೆ ಪಂಚಾಯಿತಿ ಚುನಾವಣೆಗೆ ನಿಲ್ಲಬಹುದು. ಪಿಯುಸಿ ಮುಗಿಸಿ ಡಿಗ್ರಿ ಓದುತ್ತಿರುವ, ಅಥವಾ ಓದು ಬಿಟ್ಟು ಗೌಂಡಿ ಕೆಲಸಕ್ಕೆ ಹೋಗುವವರಿಗೆ ಗ್ರಾಮಸಭೆಯಲ್ಲಿ ಕೂರುವ ಹಕ್ಕೇನೋ ಇದೆ. ಆದರೆ ಸಭೆ ಕರೆಯುವುದು ಕೆಲಸದ ದಿನ ಹನ್ನೊಂದು ಗಂಟೆಗೆ. ಒಬ್ಬ ಹಾಸ್ಟೆಲ್‌ನಲ್ಲಿ, ಒಬ್ಬ ಪುಣೆಯಲ್ಲಿ, ಒಬ್ಬಳಿಗೆ ಮನೆಯವರ ಅಪ್ಪಣೆ ಇಲ್ಲ.

ಗುಳೆಯ ಮಾತು ಬಂದಾಗ ವಿಜಯಪುರ ನೆನಪಾಗಲೇಬೇಕು. ಆ ಜಿಲ್ಲೆಯ ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ, ಎಷ್ಟೋ ಕಡೆ ಅದಕ್ಕೂ ಮೊದಲೇ, ಮನೆಗಳಿಗೆ ಬೀಗ ಬೀಳುತ್ತದೆ. ಕೆಲವರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಕೆಲವರು ಗೋವಾಕ್ಕೆ ಕಟ್ಟಡ ಕೆಲಸಕ್ಕೆ. ಅಲ್ಲಿನ ಮಕ್ಕಳಿಗೆ ಊರಿನ ಭವಿಷ್ಯ ಬರಿ ಅಂದರೆ ಅವರು ಬರೆಯುವುದು ಹಬ್ಬ. ದೀಪಾವಳಿಗೆ ಎಲ್ಲರೂ ತಾಂಡಾದಲ್ಲಿ ಇರುವ ಚಿತ್ರ. ಅವ್ವ, ಅಪ್ಪ, ಅಣ್ಣ, ಎಲ್ಲರೂ ಒಂದೇ ಚೌಕಟ್ಟಿನಲ್ಲಿ. ಇದನ್ನ ಕಲೆಯ ಲೆಕ್ಕದಲ್ಲಿ ನೋಡಿದರೆ ಸಾದಾ ಚಿತ್ರ. ಯೋಜನೆಯ ಲೆಕ್ಕದಲ್ಲಿ ನೋಡಿದರೆ ಸ್ಪಷ್ಟ ಬೇಡಿಕೆ: ಊರಲ್ಲೇ ಕೆಲಸ ಕೊಡಿ, ಇಲ್ಲವೇ ಅಪ್ಪ ಅವ್ವ ಹೋದಾಗ ನಾವು ಉಳಿಯುವ ಹಾಸ್ಟೆಲ್ ಕೊಡಿ.

ವಿಜಯಪುರ ನಗರದ ಹುಡುಗರ ಕಲ್ಪನೆ ನೀರಿನ ಸುತ್ತ ಸುತ್ತುತ್ತದೆ. ಆದಿಲ್ ಶಾಹಿಗಳು ಕಟ್ಟಿಸಿದ ದೊಡ್ಡ ಬಾವಿಗಳು, ಅಂದರೆ ತಾಜ್ ಬಾವಡಿ, ಚಾಂದ್ ಬಾವಡಿ, ನೆಲದಡಿಯ ಸುರಂಗ ಬಾವಡಿಯ ಜಾಲ ಅವರ ಕಣ್ಣೆದುರಿಗೇ ಇದೆ. ಬಹಳ ಕಾಲ ಕಸದ ಗುಂಡಿಯಾಗಿದ್ದ ಬಾವಡಿಗಳಲ್ಲಿ ಹಲವನ್ನು ಕೆಲ ವರ್ಷಗಳ ಹಿಂದೆ ಹೂಳೆತ್ತಿಸಿ ಸ್ವಚ್ಛ ಮಾಡಿಸಿದರು. ನೀರು ಕಂಡಿತು. ಅದನ್ನು ಕಂಡ ಹುಡುಗರು ಈಗ ಗೋಲಗುಮ್ಮಟದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕಷ್ಟೇ ತೃಪ್ತರಲ್ಲ. ಬಾವಡಿ ಮತ್ತೆ ಊರಿನ ನೀರಿನ ಲೆಕ್ಕಕ್ಕೆ ಬರಬೇಕು ಅನ್ನುತ್ತಾರೆ. ಐದು ನದಿಗಳ ನಾಡು ಅನ್ನಿಸಿಕೊಂಡು ಬರಕ್ಕೆ ಹೆಸರಾದ ಜಿಲ್ಲೆಯಲ್ಲಿ ಇದಕ್ಕಿಂತ ಗಂಭೀರವಾದ ಮಾತು ಯಾವುದು?

ಇಳಕಲ್ಲಿನದು ಬೇರೆ ಪ್ರಶ್ನೆ. ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಆ ಕೆಲಸ ಗೊತ್ತಿದ್ದವರ ಮಕ್ಕಳು ಮಗ್ಗಕ್ಕೆ ಕೂರಲು ಒಪ್ಪುತ್ತಿಲ್ಲ, ಕೂಲಿ ಗಿಟ್ಟುವುದಿಲ್ಲ. ಆದರೆ ವಿನ್ಯಾಸ ಮಾಡಲು, ಮೊಬೈಲಿನಲ್ಲಿ ಮಾರಲು ತಯಾರಿದ್ದಾರೆ. ಅವರ ಕಲ್ಪನೆಯಲ್ಲಿ ಮಗ್ಗ ಇದೆ, ಸಾವಕಾರನ ಸಾಲ ಇಲ್ಲ.

ಬೆಳಗಾವಿ ದೊಡ್ಡ ಊರು, ಅಲ್ಲಿ ಅವಕಾಶವೂ ದೊಡ್ಡದಿತ್ತು. 2016ರ ಜನವರಿಯಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ರಾಜ್ಯದಿಂದ ಆಯ್ಕೆಯಾದದ್ದು ದಾವಣಗೆರೆ ಮತ್ತು ಬೆಳಗಾವಿ. ಆಯ್ಕೆಯ ಹಂತದಲ್ಲಿ ನಾಗರಿಕರ ಅಭಿಪ್ರಾಯ ಕೇಳಲೇಬೇಕಿತ್ತು, ಕೇಳಿದರು. ಯೋಜನೆಯ ಮಾರ್ಗಸೂಚಿಯಲ್ಲಿ ನಗರ ಮಟ್ಟದ ಸಲಹಾ ವೇದಿಕೆಯಲ್ಲಿ ಸ್ಥಳೀಯ ಯುವಕರು ಇರಬೇಕು ಅಂತಲೇ ಬರೆದಿತ್ತು. 2025ರ ಮಾರ್ಚ್ 31ಕ್ಕೆ ಆ ಯೋಜನೆ ಮುಗಿಯಿತು. ರಸ್ತೆಗಳು ಆದವು, ಬಸ್ ನಿಲ್ದಾಣಗಳು ಆದವು. ಆ ವೇದಿಕೆಯಲ್ಲಿ ಕೂತಿದ್ದ ಯುವಕರು ಯಾರು, ಅವರು ಏನು ಹೇಳಿದರು ಅಂತ ಈಗ ಬೆಳಗಾವಿಯ ಕಾಲೇಜುಗಳಲ್ಲಿ ಕೇಳಿದರೆ ಉತ್ತರ ಹೇಳುವವರು ಸಿಗುವುದು ಕಷ್ಟ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಚಳಿಗಾಲದ ಅಧಿವೇಶನಕ್ಕೆ ತುಂಬುತ್ತದೆ. ಆಗ ಹತ್ತಿರದ ಕೊಂಡಸಕೊಪ್ಪದ ಟೆಂಟುಗಳಲ್ಲಿ ರಾಜ್ಯದ ಎಲ್ಲ ಮೂಲೆಯವರೂ ಬೇಡಿಕೆ ಹಿಡಿದು ಕೂರುತ್ತಾರೆ. ಅಧಿವೇಶನದ ಒಂದು ದಿನವನ್ನಾದರೂ ಈ ಭಾಗದ ಯುವಜನರು ಬಿಡಿಸಿದ ಯೋಜನೆಗಳನ್ನು ಕೇಳಲು ಇಡಬಹುದಿತ್ತು. ಕಟ್ಟಡ ಇದೆ, ಮೈಕ್ ಇದೆ, ಮಂತ್ರಿಗಳೂ ಊರಲ್ಲೇ ಇರುತ್ತಾರೆ.

ಸಭೆಯಲ್ಲಿ ಹತ್ತು ನಿಮಿಷ ಸಿಗದ ಅದೇ ಹುಡುಗರ ಮಾತನ್ನು ಊರು ಇಡೀ ರಾತ್ರಿ ಕೂತು ಕೇಳುವ ಸಂದರ್ಭವೂ ನಮ್ಮಲ್ಲಿದೆ ಅನ್ನೋದು ನನಗೆ ಬಹಳ ಮುಖ್ಯ ಅನಿಸುತ್ತದೆ. ಜಾತ್ರೆಯ ನಾಟಕ. ತಿಂಗಳುಗಟ್ಟಲೆ ತಾಲೀಮು ಮಾಡಿ, ಚಂದಾ ಎತ್ತಿ, ಹಳ್ಳಿಯ ಹುಡುಗರು ಸಾಮಾಜಿಕ ನಾಟಕ ಹಾಕುತ್ತಾರೆ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಟೆಂಟುಗಳಿಗೆ ನುಗ್ಗುವ ಜನರನ್ನು ನೋಡಿದವರಿಗೆ ಈ ಹುಚ್ಚು ಎಂಥದ್ದು ಅಂತ ಗೊತ್ತು. ಹರದೇಶಿ ನಾಗೇಶಿ ಹಾಡಿಕೆಯಂತೂ ವಾದಕ್ಕಂತಲೇ ಹುಟ್ಟಿದ್ದು. ಒಂದು ಮೇಳ ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ಸವಾಲು, ಜವಾಬು, ಮತ್ತೆ ಸವಾಲು. ಬೆಳಗಿನ ಜಾವದವರೆಗೆ ಯಾರೂ ಏಳುವುದಿಲ್ಲ. ಊರು ಗುಡ್ಡದ ಮೇಲೆ ಆಗಬೇಕೋ, ರಸ್ತೆ ಪಕ್ಕ ಆಗಬೇಕೋ ಅನ್ನೋ ವಾದವನ್ನು ಎರಡು ಮೇಳದ ಹುಡುಗ ಹುಡುಗಿಯರು ಹಾಡಿ ತೋರಿಸಿದರೆ ಯಾವ ಪವರ್ ಪಾಯಿಂಟೂ ಬೇಡ. ಮುಧೋಳ, ಜಮಖಂಡಿ, ಅಥಣಿ ಕಡೆಯ ಹುಡುಗರು ತಮ್ಮದೇ ಮಾತಿನಲ್ಲಿ ಮಾಡುವ ಕಿರುಚಿತ್ರಗಳನ್ನು ಈಗ ಮೊಬೈಲಿನಲ್ಲಿ ರಾಜ್ಯವೇ ನೋಡುತ್ತಿದೆ. ಕತೆ ಹೇಳುವುದು ನಮ್ಮ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ.

ಇದಕ್ಕೆ ಎದುರು ಮಾತು ಇದ್ದೇ ಇದೆ. ಹುಡುಗರಿಗೆ ಖರ್ಚಿನ ಅಂದಾಜಿಲ್ಲ, ಕೇಳಿದ್ದೆಲ್ಲ ಕೊಡಲಾಗುತ್ತದಾ ಅಂತ ಅಧಿಕಾರಿಗಳು ಕೇಳುತ್ತಾರೆ. ಅಂದಾಜು ಇಲ್ಲದಿರುವುದು ನಿಜ. ಆದರೆ ಅಂದಾಜು ಮಾಡಿಕೊಡಲು ಕಿರಿಯ ಎಂಜಿನಿಯರ್ ಇದ್ದಾರಲ್ಲ? ಅವರು ಅರ್ಧ ದಿನ ಮಕ್ಕಳ ಜೊತೆ ಕೂತು, ಇದಕ್ಕೆ ಇಷ್ಟು, ಅದಕ್ಕೆ ಅಷ್ಟು ಅಂತ ಹೇಳಿದರೆ ಯಾವುದನ್ನ ಬಿಡಬೇಕು ಅಂತ ಮಕ್ಕಳೇ ಚೌಕಾಸಿ ಮಾಡುತ್ತಾರೆ. ಇನ್ನೊಂದು ಆಕ್ಷೇಪ ನನಗೂ ಗಂಭೀರ ಅನಿಸುತ್ತದೆ. ಹುಡುಗರ ಹೆಸರಲ್ಲಿ ಯಾರೋ ದೊಡ್ಡವರು ತಮ್ಮ ಪಕ್ಷದ, ತಮ್ಮ ಜಾತಿಯ ಮಾತು ಆಡಿಸಬಹುದು. ಇದಕ್ಕೆ ಪೂರ್ತಿ ಮದ್ದು ಇಲ್ಲ. ಹುಡುಗಿಯರ ಗುಂಪು ಬೇರೆ, ಕೇರಿಯ ಮಕ್ಕಳ ಗುಂಪು ಬೇರೆ ಕೂತು ಮೊದಲು ತಮ್ಮ ನಕ್ಷೆ ಬಿಡಿಸಿ, ಆಮೇಲೆ ಎಲ್ಲವನ್ನೂ ಒಂದೇ ಗೋಡೆಗೆ ಹಚ್ಚಿದರೆ ಆ ಅಪಾಯ ಕಡಿಮೆಯಾಗುತ್ತದೆ.

ಬೇಕಾಗಿರುವುದು ಹೊಸ ಕಾಯ್ದೆ ಅಲ್ಲ. ಮಕ್ಕಳ ಗ್ರಾಮಸಭೆಯನ್ನು ಸೆಪ್ಟೆಂಬರಿಗೆ ತನ್ನಿ, ವಾರ್ಡ್ ಸಭೆಗಳಿಗೂ ಮೊದಲು. ಹದಿನೆಂಟರಿಂದ ಇಪ್ಪತ್ತೈದರವರಿಗೆ ಭಾನುವಾರ ಸಂಜೆ ಒಂದು ಸಭೆ ಇಡಿ. ಅಲ್ಲಿ ಬಂದ ಪ್ರತಿ ಬೇಡಿಕೆಗೂ ಆಗುತ್ತದೆ, ಆಗುವುದಿಲ್ಲ, ಆಗದಿದ್ದರೆ ಯಾಕೆ ಅಂತ ಪಂಚಾಯಿತಿ ಫಲಕದಲ್ಲಿ ಬರೆದು ಹಚ್ಚಿ. "ನೋಡೋಣ" ಅನ್ನೋ ಉತ್ತರ ಬೇಡ. ಇಲ್ಲ ಅಂತ ಹೇಳಿದರೂ ಕಾರಣ ಸಿಕ್ಕರೆ ಹುಡುಗರು ಮುಂದಿನ ವರ್ಷ ಮತ್ತೆ ಬರುತ್ತಾರೆ. ಉತ್ತರವೇ ಸಿಗದಿದ್ದರೆ ಬರುವುದಿಲ್ಲ.

ಮುಳುಗಡೆ ಹಳ್ಳಿಗಳಲ್ಲಿ ಮಾತ್ರ ಕಾಯಲು ಸಮಯ ಇಲ್ಲ. ಪುನರ್ವಸತಿಯ ಕರಡು ಯೋಜನೆಯನ್ನು ಊರಲ್ಲಿ ಪ್ರಚಾರ ಮಾಡಿ ಗ್ರಾಮಸಭೆಯಲ್ಲಿ ಚರ್ಚಿಸಬೇಕು, ಸಾರ್ವಜನಿಕರ ಅಹವಾಲು ಕೇಳಬೇಕು ಅಂತ 2013ರ ಕಾಯ್ದೆಯಲ್ಲೇ ಇದೆ. ಆ ಅಹವಾಲು ಸಭೆಯ ದಿನ ಸುತ್ತಲಿನ ಕಾಲೇಜು, ಪ್ರೌಢಶಾಲೆಗಳಿಗೆ ರಜೆ ಕೊಡಬೇಕು. ಹೊರ ಊರಲ್ಲಿ ಓದುವವರಿಗೆ, ಗುಳೆ ಹೋದವರಿಗೆ ಒಂದು ತಿಂಗಳು ಮೊದಲೇ ದಿನಾಂಕ ತಿಳಿಸಬೇಕು. ಲೇಔಟಿನ ನಕ್ಷೆಯನ್ನು ಎಂಜಿನಿಯರ್ ಭಾಷೆಯಲ್ಲಿ ಅಲ್ಲದೆ, ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ಇದು ನಿನ್ನ ಓಣಿ, ಇದು ಶಾಲೆ, ಇದು ಬಸ್ ಸ್ಟ್ಯಾಂಡ್ ಅಂತ ನಡೆದಾಡಿ ನೋಡುವ ಹಾಗೆ ತೋರಿಸಬೇಕು. ಪುನರ್ವಸತಿ ಸಮಿತಿಯ ಸಭೆಗಳಿಗೆ ಪ್ರತಿ ಊರಿಂದ ಒಬ್ಬ ಯುವಕ, ಒಬ್ಬ ಯುವತಿಯನ್ನು ಕರೆಯಬೇಕು. ಹೊಸ ಊರಿನ ನಿವೇಶನಗಳ ಸಂಖ್ಯೆ ಬೀಳುವ ಮೊದಲೇ ಇದು ಆಗಬೇಕು. ಗೂಟ ಹೊಡೆದ ಮೇಲೆ ಕಟ್ಟೆಯನ್ನು ಸರಿಸಲು ಯಾರೂ ಬರುವುದಿಲ್ಲ.